ಮಹಾನವಮಿಗೆ ಅಳಿಸಿಹೋದ ಕಥೆ

ಈಗಿನ ಹುಡುಗಿಯರು ಬಂದು ಕೇಳುತ್ತಾರೆ: “ಅಜ್ಜಿ, ಆ ಕಾಲದಲ್ಲಿ ನಿಮಗೆ ಬರೆಯೋದೇ ಬೇಡ, ಬಿಟ್ಟುಬಿಡೋಣ ಅನ್ನಿಸಲಿಲ್ಲವಾ?” ಅನ್ನಿಸದೆ ಏನು? ಬೇಕಾದಷ್ಟು ಸಲ ಅನ್ನಿಸಿದೆ. ಒಂದು ಸಲವಂತೂ ಬಿಟ್ಟೇಬಿಟ್ಟಿದ್ದೆ. ಅವರು ನನ್ನ ಬಾಯಿಂದ ಛಲ, ಸಾಧನೆ, ಸರಸ್ವತಿಯ ಕೃಪೆ ಅಂತ ಏನಾದರೂ ದೊಡ್ಡ ಮಾತು ಬರುತ್ತದೆಂದು ಕಾಯುತ್ತಾರೆ. ನನ್ನ ಹತ್ತಿರ ಅಂಥ ಸರಕು ಇಲ್ಲ. ನಡೆದದ್ದನ್ನು ಹೇಳುತ್ತೇನೆ. ತಾಳ್ಮೆ ಇದ್ದವರು ಕೂತು ಕೇಳಲಿ, ಇಲ್ಲದವರು ಎದ್ದು ಹೋದರೂ ನನಗೇನೂ ಬೇಜಾರಿಲ್ಲ.

ನನ್ನ ತೌರು ತಿರುಮಕೂಡಲು ನರಸೀಪುರ. ಅಪ್ಪ ಅಲ್ಲಿ ಕೂಲಿಮಠ ನಡೆಸುತ್ತಿದ್ದರು. ಮಠವೆಂದರೆ ಏನಿಲ್ಲ, ನಮ್ಮ ಮನೆಯ ಜಗಲಿಯೇ. ಊರಿನ ಗಂಡುಹುಡುಗರನ್ನು ಸಾಲಾಗಿ ಕೂರಿಸಿ ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ನಾನು ಬಾಗಿಲ ಹಿಂದೆ ಕೂತು, ನೆಲದ ಮೇಲೆ ಬೆರಳಾಡಿಸಿ ಕಲಿತೆ. ಗೊತ್ತಾದಾಗ ಅಪ್ಪ ಬೈಯಲಿಲ್ಲ. “ಕಲ್ತಿದ್ದೀಯ, ಸರಿ. ಎಲ್ಲರ ಮುಂದೆ ಓದೋಕೆ ಹೋಗ್ಬೇಡ” ಎಂದರು. ಅಷ್ಟೇ ನನ್ನ ವಿದ್ಯಾಭ್ಯಾಸ.

ಮದುವೆಯಾಗಿ ಬಂದದ್ದು ನಂಜನಗೂಡಿಗೆ, ಬೆಲ್ಲದ ಮಂಡಿಯ ಮನೆಗೆ. ಮಾವನವರು ಬೆಳಗ್ಗೆ ಲಿಂಗಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಧರಿಸಿ, ಬೀದಿ ಬದಿಯ ಮಂಡಿಯಲ್ಲಿ ಕೂತರೆ ಊಟಕ್ಕೇ ಏಳುತ್ತಿದ್ದುದು. ನನ್ನ ಯಜಮಾನರು ಹುಲ್ಲಹಳ್ಳಿ, ಬಿಳಿಗೆರೆ ಕಡೆಯ ಆಲೆಮನೆಗಳಿಗೆ ಗಾಡಿ ಕಟ್ಟಿಕೊಂಡು ಹೋಗಿ ಬೆಲ್ಲ ತುಂಬಿಸಿಕೊಂಡು ಬರುತ್ತಿದ್ದರು. ಮನೆಯೊಳಗೆ ಅತ್ತೆ ಮತ್ತು ನಾನು. ಅತ್ತೆಯದು ಮಾತು ಕಡಿಮೆ. ಆಡಿದ ಮಾತೂ ಮೊರದಲ್ಲಿ ಕೇರಿ ಜೊಳ್ಳು ತೆಗೆದ ಹಾಗೆ ಇರುತ್ತಿತ್ತು. ಹೊಗಳಿದ್ದು ನಾನು ಕೇಳಿಲ್ಲ. ಬೈದದ್ದೂ ಹೆಚ್ಚಿಲ್ಲ ಅನ್ನಿ.

ನನಗೊಂದು ಕಥೆ ಬರೆಯಬೇಕಿತ್ತು. ಶುರುವಾಗಿ ಕೊನೆಯಾಗುವ, ಒಂದು ಪೂರ್ತಿ ಕಥೆ. ಆ ಮನೆಯಲ್ಲಿ ನಾನು ಮಾಡಿದ ಅಡಿಗೆ ಮಧ್ಯಾಹ್ನಕ್ಕೆ ಖಾಲಿ, ಗುಡಿಸಿದ ನೆಲ ಸಂಜೆಗೆ ಧೂಳು. ನಾನು ಮಾಡಿದ್ದು ಅಂತ ಒಂದಾದರೂ ಉಳಿಯಬೇಕು ಎಂಬ ಆಸೆ ಬಿಡದೆ ಕಾಡುತ್ತಿತ್ತು. ಚಿಕ್ಕವಳಿದ್ದಾಗ ನರಸೀಪುರದ ಹೊಳೆ ದಂಡೆಯಲ್ಲಿ, ಹೊತ್ತು ಮುಳುಗುವ ಸಮಯಕ್ಕೆ, ಹರಿಗೋಲಿನಿಂದ ಇಳಿದ ಒಬ್ಬ ಹೆಂಗಸನ್ನು ಕಂಡಿದ್ದೆ. ಎಳೆಯ ವಯಸ್ಸು, ಕೈಯಲ್ಲಿ ಒಂದು ಗಂಟು. ಮಿಕ್ಕವರೆಲ್ಲ ಬಿರಬಿರನೆ ಊರ ಕಡೆ ಹೋದರು, ಅವಳು ಮಾತ್ರ ಒದ್ದೆ ಸೆರಗು ಹಿಂಡಿಕೊಳ್ಳುತ್ತಾ ಅಲ್ಲೇ ನಿಂತಿದ್ದಳು. ಯಾಕೆ ಹೋಗುತ್ತಿಲ್ಲ ಇವಳು? ಅವ್ವನನ್ನು ಕೇಳಿದರೆ “ನಿಂಗ್ಯಾಕೆ, ನಡಿ” ಎಂದು ಎಳೆದುಕೊಂಡು ಹೋದಳು. ಅವಳ ಕಥೆಯನ್ನು ನಾನೇ ಕಟ್ಟಿಕೊಂಡೆ. ಅತ್ತೆಗೆ ಹೇಳದೆ ಕೇಳದೆ, ಕಾಯಿಲೆ ಬಿದ್ದ ತಾಯಿಯನ್ನು ನೋಡಲು ಹೊಳೆ ದಾಟಿ ಹೋಗಿದ್ದಾಳೆ. ಈಗ ವಾಪಸು ಬಂದಿದ್ದಾಳೆ. ಅತ್ತೆಮನೆಯ ಬಾಗಿಲು ತೆರೆಯುತ್ತದೋ ಇಲ್ಲವೋ ಗೊತ್ತಿಲ್ಲ.

ಬರೆಯುವುದಕ್ಕೆ ಕಾಗದ ಎಲ್ಲಿಂದ ಬರಬೇಕು? ಕೇಳಿದರೆ ಯಾಕೆ, ಏನು, ಯಾರಿಗೆ ಬರೆಯುತ್ತಾಳಂತೆ ಎಂದು ಬೀದಿಯೆಲ್ಲ ಸುದ್ದಿ. ಅದೇ ವರ್ಷ ಮಂಡಿಗೆ ಮೈಸೂರಿನಿಂದ ಹೊಲಿಗೆ ಹಾಕಿದ ದಪ್ಪ ಲೆಕ್ಕದ ಪುಸ್ತಕ ಬಂತು, ಹಳೆಯ ಕಡತಗಳು ಅಟ್ಟ ಸೇರಿದವು. ಕಡತವೆಂದರೆ ಈಗಿನವರು ಕಣ್ಣುಕಣ್ಣು ಬಿಡುತ್ತಾರೆ. ಉದ್ದನೆಯ ಬಟ್ಟೆಗೆ ಹುಣಸೆಬೀಜದ ಅಂಟಿನಲ್ಲಿ ಇದ್ದಿಲ ಪುಡಿ ಕಲಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಎರಡು ಕಡೆ ಹಲಗೆ ಕೂರಿಸಿದರೆ ಅದೇ ಕಡತ. ಬಳಪದಲ್ಲಿ ಬರೆಯುವುದು, ಬೇಡವಾದರೆ ಒದ್ದೆ ಬಟ್ಟೆಯಲ್ಲಿ ಒರೆಸುವುದು. ಸೊಸೆಯಾದವಳು ಮಾವನ ಜೊತೆ ನೇರವಾಗಿ ಮಾತಾಡುವ ಹಾಗಿರಲಿಲ್ಲ. ನಾನು ಬಾಗಿಲ ಮರೆಯಲ್ಲಿ ನಿಂತು ಅತ್ತೆಯ ಕೈಲಿ ಕೇಳಿಸಿದೆ.

“ಅವಳಿಗೊಂದು ಹಳೇ ಕಡತ ಬೇಕಂತೆ.”

“ತಕೊಳ್ಲಿ. ಅಕ್ಷರ ಮರೀಬಾರದು” ಎಂದರು ಮಾವ. ಒಳ್ಳೆಯ ಮನುಷ್ಯರು.

ಮಳೆಗಾಲ ಪೂರ್ತಿ ಬರೆದೆ. ಮಧ್ಯಾಹ್ನ ಊಟವಾದ ಮೇಲೆ ಹಿತ್ತಲ ಪಡಸಾಲೆಯಲ್ಲಿ ಅತ್ತೆ ಅಕ್ಕಿ ಆರಿಸುತ್ತಲೋ ಹುಣಸೆಹಣ್ಣಿನ ಬೀಜ ಬಿಡಿಸುತ್ತಲೋ ಕೂರುತ್ತಿದ್ದರು. ನಾನು ಕಡತವನ್ನು ಗೋಡೆಗೆ ಒರಗಿಸಿ, ಬೀಜ ಬಿಡಿಸುತ್ತಲೇ, ಬರೆದಷ್ಟನ್ನು ಓದುತ್ತಿದ್ದೆ. ಮೊದಲ ದಿನ ಅಪ್ಪಣೆ ಕೇಳಿದಾಗ ಅತ್ತೆ ಹೇಳಿದ್ದು ಇಷ್ಟೇ: “ಓದ್ಕೊ. ಕೈ ನಿಲ್ಲಬಾರದು.” ಆಮೇಲೆ ಒಂದು ಹೂಂ ಇಲ್ಲ, ಉಹೂಂ ಇಲ್ಲ. ನಾನು ಓದುವಾಗ ಅವರ ಕಣ್ಣು ಮೊರದ ಮೇಲೆಯೇ. ಎಷ್ಟೋ ಸಲ ಗೋಡೆಗೇ ಓದುತ್ತಿದ್ದೇನೆ ಅನ್ನಿಸಿ ಮೈ ಉರಿಯುತ್ತಿತ್ತು. ಆದರೂ ಓದುತ್ತಿದ್ದೆ, ಯಾಕೆಂದರೆ ಗಟ್ಟಿಯಾಗಿ ಓದಿದಾಗಲೇ ಎಲ್ಲಿ ಸುಳ್ಳು ಬರೆದಿದ್ದೇನೆಂದು ನನಗೆ ಕೇಳಿಸುತ್ತಿತ್ತು. ಮಹಾನವಮಿ ಹತ್ತಿರ ಬರುವಾಗ ಕಡತದ ಎರಡೂ ಮೈ ತುಂಬಿತ್ತು. ಹುಡುಗಿ ಊರು ಸೇರಿ, ಅತ್ತೆಮನೆಯ ಮುಂದೆ ಬಂದು ನಿಂತಿದ್ದಳು. ಬಾಗಿಲು ಹಾಕಿತ್ತು.

ಹಬ್ಬಕ್ಕೆ ಮುಂಚೆ ಒಂದು ದಿನ ಅತ್ತೆ ಹುಣಸೆಬೀಜದ ರಾಶಿ ಮುಂದೆ ಸುರಿದು, “ಇದನ್ನ ಹುರಿದು ಬೀಸು, ಮಾವನಿಗೆ ಅಂಟು ಬೇಕಂತೆ” ಎಂದರು. ಹುರಿದೆ, ಸಿಪ್ಪೆ ತೆಗೆದೆ, ಬೀಸಿ ಗಂಜಿಯ ಹಾಗೆ ಕಾಯಿಸಿಯೂ ಕೊಟ್ಟೆ. ಯಾತಕ್ಕೆ ಎಂದು ಕೇಳಲಿಲ್ಲ. ಹಬ್ಬದ ಮನೆಯಲ್ಲಿ ಅಂಟಿಗೆ ಏನು, ನೂರೆಂಟು ಕೆಲಸ.

ಆಯುಧಪೂಜೆಯ ಬೆಳಗ್ಗೆ ತಕ್ಕಡಿ, ತೂಕದ ಕಲ್ಲು, ಹೊಸ ಲೆಕ್ಕದ ಪುಸ್ತಕ ಎಲ್ಲವನ್ನೂ ಸಾಲಾಗಿ ಇಟ್ಟು ಹೂ ಏರಿಸಿದ್ದರು. ಆ ಸಾಲಿನಲ್ಲಿ ನನ್ನ ಕಡತವೂ ಇತ್ತು. ಕರ್ರಗೆ, ಮಿರಿಮಿರಿ ಮಿಂಚುತ್ತಾ, ಮೂರು ಬೆರಳಿನ ವಿಭೂತಿ ಬಳಿಸಿಕೊಂಡು ಕೂತಿತ್ತು. ಮಾವನವರು ನನಗೆ ಕೇಳಲಿ ಎಂದೇ ಸ್ವಲ್ಪ ಗಟ್ಟಿಯಾಗಿ ಅತ್ತೆಗೆ ಹೇಳಿದರು:

“ಸೊಸೆ ಕಡತಾನೂ ಹೊಸದು ಮಾಡಿದ್ದೀನಿ. ಪಾಪ, ಪೂರ್ತಿ ತುಂಬಿಹೋಗಿತ್ತು, ಬರೆಯೋಕೆ ಜಾಗವೇ ಇರಲಿಲ್ಲ. ಹಳೇ ಬರಹ ಇಟ್ಕೊಂಡು ಕಡತಕ್ಕೆ ಪೂಜೆ ಮಾಡೋ ಹಾಗೂ ಇಲ್ಲವಲ್ಲ. ನಾನೇ ಕೂತು ಎರಡು ಸಲ ಅಂಟು ಬಳಿದೆ.”

ಮಂಡಿಯವರ ಲೋಕದಲ್ಲಿ ಅದೇ ಸರಿ. ವರ್ಷದ ವ್ಯವಹಾರ ಹಬ್ಬಕ್ಕೆ ಚುಕ್ತಾ. ಕಡತದ ಮೇಲೆ ಹಳೆಯದು ಉಳಿದರೆ ಅದು ಅಶುಭ. ಕಡತದ ಮೇಲೆ ಯಾರಾದರೂ ಉಳಿಯಬೇಕೆಂದು ಬರೆಯುತ್ತಾರೆ ಎಂಬುದು ಆ ಪುಣ್ಯಾತ್ಮರ ತಲೆಗೇ ಬಂದಿರಲಿಕ್ಕಿಲ್ಲ. ಪ್ರೀತಿಯಿಂದ ಮಾಡಿದ ಕೆಲಸ, ಯಾರನ್ನು ಬೈಯುವುದು? ಅಂಟು ಕಾಯಿಸಿಕೊಟ್ಟವಳೂ ನಾನೇ. ಅಡಿಗೆಮನೆಗೆ ಹೋಗಿ ಕಾಯಿ ತುರಿಯುತ್ತಾ ಕೂತೆ. ಕಣ್ಣೀರು ಕಾಯಿತುರಿಗೆ ಬೀಳದ ಹಾಗೆ ನೋಡಿಕೊಂಡದ್ದೇ ಆ ದಿನ ನಾನು ಮಾಡಿದ ದೊಡ್ಡ ಕೆಲಸ.

ಹಬ್ಬ ಕಳೆದ ಮೇಲೆ ಮತ್ತೆ ಬರೆಯಲು ಕೂತೆ. ಮೊದಲಿನ ಮಾತುಗಳು ನೆನಪಿಗೆ ಬಂದವು, ಆದರೆ ಜೀವವಿಲ್ಲ. ಯಾರೋ ಹೇಳಿದ್ದನ್ನು ಕೇಳಿ ಬರೆದ ಹಾಗಿತ್ತು. ಎರಡು ಮಡಿಕೆ ಬರೆದೆ, ಒರೆಸಿದೆ. ಮತ್ತೆ ಬರೆದೆ, ಮತ್ತೆ ಒರೆಸಿದೆ. ಆಮೇಲೆ ಕಡತವನ್ನು ಅಟ್ಟಕ್ಕೆ ಹಾಕಿ ಬಳಪವನ್ನು ಹಿತ್ತಲಿಗೆ ಎಸೆದೆ. ಅತ್ತೆ ನೋಡಿದರು.

“ಓದೋದು ನಿಲ್ಲಿಸಿಬಿಟ್ಟೆಯಾ?”

“ಹೂಂ ಅತ್ತೆ. ಮುಗೀತು.”

“ಒಳ್ಳೇದಾಯ್ತು, ಕಣ್ಣಾದ್ರೂ ಉಳೀತು” ಎಂದು ಅಕ್ಕಿಯಲ್ಲಿನ ಕಲ್ಲು ಎತ್ತಿ ಬಿಸಾಡಿದರು. ನನಗೆ ಎಷ್ಟು ರೇಗಿತೆಂದರೆ, ಇನ್ನು ಈ ಜನ್ಮದಲ್ಲಿ ಒಂದಕ್ಷರ ಬರೆದರೆ ಕೇಳು ಎಂದು ನನಗೆ ನಾನೇ ಹೇಳಿಕೊಂಡೆ. ಹಾಗೆ ಹೇಳಿಕೊಂಡಾಗ ಸ್ವಲ್ಪ ಹಗುರವೂ ಆಯಿತು. ಬಿಟ್ಟುಬಿಡುವುದರಲ್ಲಿ ಒಂದು ಸುಖವಿದೆ, ಅದರ ಬಗ್ಗೆ ಸುಳ್ಳು ಹೇಳಬಾರದು.

ಅಷ್ಟರಲ್ಲಿ ನಾನು ಬಸುರಿ. ಏಳನೇ ತಿಂಗಳಿಗೆ ನರಸೀಪುರದಿಂದ ಗಾಡಿ ಬಂತು. ಅಪ್ಪ ಆ ಹೊತ್ತಿಗೆ ತೀರಿಕೊಂಡಿದ್ದರು, ಅವ್ವ ಒಬ್ಬಳೇ. ಗಂಡುಮಗುವಾಯಿತು. ತಲೆಗೆ ಬಟ್ಟೆ ಬಿಗಿದು, ಕಿವಿಗೆ ಹತ್ತಿ ತುರುಕಿ, ಮೂಲೆಯ ಕೋಣೆಯಲ್ಲಿ ಕೂರಿಸಿದಳು ಅವ್ವ. ಉಣ್ಣು, ಹಾಲು ಕೊಡು, ಮಲಗು. ಕಥೆಯ ಯೋಚನೆಯೇ ಇರಲಿಲ್ಲ, ಅಥವಾ ಇರಲಿಲ್ಲವೆಂದು ನಂಬಿದ್ದೆ.

ತೊಟ್ಟಿಲು ಶಾಸ್ತ್ರದ ಹಿಂದಿನ ದಿನ ಬಾಣಂತಿಗೆ ಬಳೆ ತೊಡಿಸಲು ಬಳೆಗಾರ ಬಂದ. ವಯಸ್ಸಾದವನು. ನಂಜನಗೂಡಿನಿಂದ ಹೊಳೆಯ ಪಕ್ಕದ ಹಳ್ಳಿಗಳನ್ನೆಲ್ಲ ಸುತ್ತಿಕೊಂಡು ನರಸೀಪುರಕ್ಕೆ ಬರುವವನು. ನಾನು ಯಾರ ಮನೆಯ ಸೊಸೆ ಎಂಬುದು ಅವನಿಗೆ ತಿಳಿಯದು. ನನ್ನ ಕೈ ಹಿಡಿದು ಅದುಮುತ್ತಾ ಕೂತ.

“ಕೈ ಬಿಗಿ ಇಡೀಬ್ಯಾಡ ಕನವ್ವ, ನೋಯ್ತದೆ. ಒಂದು ಕತೆ ಯೋಳ್ತೀನಿ, ಅದ್ರ ಮ್ಯಾಲೆ ಗ್ಯಾನ ಮಡಗು” ಎಂದ. “ಒಂದೂರಲ್ಲಿ ಒಂದು ಎಣ್ಮಗ. ಅವರವ್ವಂಗೆ ಕಾಯ್ಲೆ. ಅತ್ತೆಗೆ ಯೋಳ್ದೆ ಕೇಳ್ದೆ ಅರಗೋಲು ಅತ್ಕಂಡು ತೌರಿಗೆ ಓದ್ಲು.”

ಹತ್ತಿ ತುರುಕಿದ್ದ ಕಿವಿಗೆ ತಪ್ಪಾಗಿ ಕೇಳಿತೇ ಎಂದು ಹತ್ತಿ ಕಿತ್ತು ಕೇಳಿದೆ. ತಪ್ಪಲ್ಲ. ನನ್ನ ಹರಿಗೋಲು, ನನ್ನ ಗಂಟು, ತಾಯಿಯ ತಲೆದಿಂಬಿನ ಪಕ್ಕದಲ್ಲಿ ನಾನೇ ಇಟ್ಟ ಗಂಜಿಯ ಬಟ್ಟಲು ಕೂಡ ಇತ್ತು.

“ವಾಪಸು ಬರುವಾಗ ಅರಗೋಲ್ನಾಗೆ ಕೂತು ಗೋಳೋ ಅಂತ ಅಳ್ತಾಳೆ ಕನವ್ವ ಆ ಎಣ್ಮಗ, ವೊಳೆಲಿರೋ ಮೀನೆಲ್ಲ—”

“ಅವಳು ಅಳ್ಲಿಲ್ಲ” ಎಂದೆ.

“ಅಂಗಂದ್ರೆ?”

“ಅಳ್ಲಿಲ್ಲ. ತಿರುಗಿ ಕೂಡ ನೋಡ್ಲಿಲ್ಲ. ದಂಡೆ ಸೇರೋವರೆಗೂ ನೀರು ಎಷ್ಟು ಆಳ ಇದೆ ಅಂತ ಅಂಬಿಗನ ಹತ್ರ ಮಾತಾಡ್ಕೊಂಡು ಬಂದ್ಲು.”

“ಬುಡವ್ವ, ಅಳದೇ ಇದ್ರೆ ಕತೆ ಯಾರು ಕೇಳಾರು?”

ನಾನು ಕೈ ಎಳೆದುಕೊಂಡ ರಭಸಕ್ಕೆ ಬಳೆ ಎರಡು ತುಂಡಾಯಿತು. ಒಡೆಯಿತು ಅನ್ನಬಾರದು, ಬಳೆ ಹೆಚ್ಚಿತು ಅನ್ನಬೇಕು ಎಂದು ಅವ್ವ ಒಲೆಯ ಮುಂದಿನಿಂದಲೇ ಗದರಿಕೊಂಡಳು. ಹೆಚ್ಚಲಿ, ಎಷ್ಟು ಬೇಕಾದರೂ ಹೆಚ್ಚಲಿ. ಮಳೆಗಾಲ ಪೂರ್ತಿ ಕಣ್ಣು ಕೀಲಿಸಿ ಬರೆದದ್ದು ನಾನು, ನನ್ನ ಹುಡುಗಿಯನ್ನು ಊರೂರು ಅಳಿಸಿಕೊಂಡು ತಿರುಗುತ್ತಿದ್ದಾನೆ ಈ ಮಹರಾಯ. ಆ ಕೋಪದಲ್ಲಿ ಒಂದು ತಮಾಷೆ ನಡೆಯಿತು. ಅವನನ್ನು ತಿದ್ದುವುದಕ್ಕೆ ನಾನು ಹೇಳುತ್ತಾ ಹೋದ ಮಾತುಗಳು ಕಡತದ ಮೇಲೆ ಬರೆದವಾಗಿರಲಿಲ್ಲ. ಹೊಸವು. ಅಂಬಿಗನ ಮಾತು ಆಗ ಆ ಕ್ಷಣಕ್ಕೆ ಹುಟ್ಟಿದ್ದು.

“ಈ ಕಥೆ ನಿಮಗೆ ಯಾರು ಹೇಳಿದ್ದು?” ಎಂದು ಕೇಳಿದೆ.

“ನಂಜನಗೂಡ್ನಾಗೆ ಬೆಲ್ಲದ ಮಂಡಿ ಸಾವ್ಕಾರ್ರ ಮನೆ ಅಮ್ನೋರು. ಬಾಳ ಬಿಗಿ ಎಂಗಸು, ನಾಕು ಮಾತಾಡಿದ್ದು ನಾ ಕಂಡಿಲ್ಲ. ಬಳೆ ತೊಡ್ಸುವಾಗ ಅವರಾಗೇ ಸುರು ಮಾಡುದ್ರು, ಅಕ್ಕಪಕ್ಕದ ಎಣ್ಮಕ್ಕಳೆಲ್ಲ ಬಂದು ಕೂತ್ಕಂಡ್ರು.”

ಆ ಹೆಂಗಸು ಕೊನೆಯನ್ನು ಏನು ಮಾಡಿಟ್ಟಿದ್ದಾರೋ ಎಂದು ಭಯವಾಯಿತು. “ಕಡೇಲಿ ಏನಾಯ್ತು? ಬಾಗಿಲು ತೆಗೆದ್ರಾ?”

“ಅದೇ ಗೊತ್ತಿಲ್ಲ ಕನವ್ವ. ಬಾಗ್ಲು ತಾವ ತಂದು ನಿಲ್ಲಿಸ್ಬುಟ್ರು. ಎಲ್ರೂ ಮುಂದಕ್ಕೆ ಯೋಳಿ, ಮುಂದಕ್ಕೆ ಯೋಳಿ ಅಂತ ಕೂತ್ರು. ‘ಮುಂದಕ್ಕೆ ನಂಗೆ ಗೊತ್ತಿಲ್ಲ, ನನ್ ಸೊಸೆಗೇ ಗೊತ್ತು. ಬಾಣಂತನಕ್ಕೆ ಓಗವ್ಳೆ. ಬತ್ತಾಳೆ, ಆಗ ಕೇಳುವ್ರಂತೆ’ ಅಂದ್ಬುಟ್ರು.”

ನಾನು ಅತ್ತುಬಿಟ್ಟೆ. ಬಾಣಂತಿ ಅಳಬಾರದೆಂದು ಅವ್ವ ಓಡಿ ಬಂದು, ಬಳೆ ಚುಚ್ಚಿತೇನೋ ಎಂದು ಬಳೆಗಾರನನ್ನು ತರಾಟೆಗೆ ತೆಗೆದುಕೊಂಡಳು. ಪಾಪ, ಅವನು ತಲೆಬುಡ ತಿಳಿಯದೆ ಬಳೆಯ ಮಲಾರ ಕಟ್ಟಿಕೊಂಡು ಹೊರಟ. ಅತ್ತೆ ಕೇಳಿಸಿಕೊಂಡಿದ್ದರು. ಒಂದೊಂದು ಮಾತನ್ನೂ ಕೇಳಿಸಿಕೊಂಡಿದ್ದರು. ನನಗೆ ಅಷ್ಟು ಸಂತೋಷ ಮಗು ಹುಟ್ಟಿದಾಗಲೂ ಆಗಿರಲಿಲ್ಲ. ಇದನ್ನು ಕೇಳಿದರೆ ನನ್ನ ಮಗ ಬೇಜಾರು ಮಾಡಿಕೊಳ್ಳಬಾರದು.

ತಾಲ್ಲೂಕು ಕಚೇರಿಯ ಮುಂದೆ ಅರ್ಜಿ ಬರೆಯುವವರಿಗೆ ಕಾಗದ ಮಾರುತ್ತಿದ್ದರು. ಅವ್ವನನ್ನು ಗೋಗರೆದು ಒಂದಷ್ಟು ತರಿಸಿಕೊಂಡೆ. “ಬಾಣಂತನದಲ್ಲಿ ಬರೆದ್ರೆ ಕಣ್ಣು ಹೋಗ್ತವೆ, ನಿಮ್ಮತ್ತೆಗೆ ನಾನೇನು ಜವಾಬು ಕೊಡ್ಲಿ” ಎಂದು ಅವ್ವ ದಿನವೂ ಗೊಣಗುವಳು. ತೊಟ್ಟಿಲ ಹಗ್ಗವನ್ನು ಕಾಲಿನ ಹೆಬ್ಬೆರಳಿಗೆ ಕಟ್ಟಿಕೊಂಡು, ಗೋಡೆಗೆ ಒರಗಿ, ಮಣೆಯ ಮೇಲೆ ಕಾಗದ ಇಟ್ಟುಕೊಂಡು ಬರೆದೆ. ಹುಮ್ಮಸ್ಸಿನಲ್ಲಿ ಕೂತ ಮಾತ್ರಕ್ಕೆ ಸಲೀಸಾಗಿ ಬಂತೆಂದು ತಿಳಿಯಬೇಡಿ. ಮಗುವಿಗೆ ಹೊಟ್ಟೆನೋವು, ನನಗೆ ನಿದ್ದೆಗಣ್ಣು. ಒಂದು ವಾರ ಬರೆದದ್ದನ್ನು ಓದಿದರೆ ಅಪ್ಪನ ಮಠದ ಹುಡುಗರು ಒಪ್ಪಿಸುವ ಪಾಠದ ಹಾಗಿತ್ತು. ಹಂಡೆ ಒಲೆಗೆ ಹಾಕಿದೆ, ಅವ್ವ ನೀರು ಕಾಯಿಸಿಕೊಂಡಳು. ಕಳೆದುಹೋದದ್ದನ್ನು ನೆನೆಸಿಕೊಳ್ಳಲು ನೋಡಿದಾಗಲೆಲ್ಲ ಸೋತೆ. ಕೊನೆಗೆ ಆ ಆಸೆಯನ್ನೇ ಬಿಟ್ಟೆ. ಬಳೆಗಾರನನ್ನು ಎದುರಿಗೆ ಕೂರಿಸಿಕೊಂಡ ಹಾಗೆ ಮನಸ್ಸಿಗೆ ತಂದುಕೊಂಡು, ಹಾಗಲ್ಲ, ಹೀಗೆ, ಎಂದು ಅವನ ಜೊತೆ ಜಗಳವಾಡುತ್ತಾ ಬರೆದೆ. ಆಗ ಬಂತು. ಹುಡುಗಿ ಮೊದಲಿಗಿಂತ ಗಟ್ಟಿಯಾದಳು. ಕೊನೆಯನ್ನೂ ಬರೆದೆ: ಬಾಗಿಲು ತೆರೆಯಲಿಲ್ಲ, ಅವಳು ರಾತ್ರಿಯೆಲ್ಲ ಜಗಲಿಯ ಮೇಲೆ ಕೂತಳು, ಬೆಳಕು ಹರಿಯುವ ಮುಂಚೆ ಎದ್ದು ಹೊಳೆಯ ದಾರಿ ಹಿಡಿದಳು.

ಐದನೇ ತಿಂಗಳಿಗೆ ಮಗುವನ್ನೆತ್ತಿಕೊಂಡು ನಂಜನಗೂಡಿಗೆ ಬಂದೆ. ಕಾಗದಗಳು ಪೆಟ್ಟಿಗೆಯ ತಳದಲ್ಲಿ. ಅತ್ತೆ ಆರತಿ ಎತ್ತಿ ಮೊಮ್ಮಗನನ್ನು ಒಳಗೆ ಕರೆದುಕೊಂಡರು, ಎಣ್ಣೆ ನೀರು ಹಾಕಿದರು. ಕಥೆಯ ಸುದ್ದಿಯೇ ಇಲ್ಲ. ದಿನ ಕಳೆಯಿತು, ವಾರ ಕಳೆಯಿತು. ಬಳೆಗಾರ ಹೇಳಿದ್ದು ನಿಜವೇ ಎಂದು ನನಗೇ ಅನುಮಾನ ಹತ್ತಿತು. ಒಂದು ಮಧ್ಯಾಹ್ನ ಮಗು ಮಲಗಿತ್ತು. ಅತ್ತೆ ಮೊರ ಹಿಡಿದು ಹಿತ್ತಲ ಪಡಸಾಲೆಯಲ್ಲಿ ಕೂತಿದ್ದರು. ನಾನು ಕಾಗದ ತಂದು ಎದುರಿಗೆ ಕೂತೆ. ಅತ್ತೆ ತಲೆ ಎತ್ತದೆ ಮೊರವನ್ನು ಪಕ್ಕಕ್ಕೆ ಸರಿಸಿದರು. ಕೈ ನಿಲ್ಲಿಸಿ ಅವರು ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು.

ಕೊನೆಯವರೆಗೂ ಓದಿದೆ. ಓದಿ ಮುಗಿಸಿ, ಈಗಲಾದರೂ ಒಂದು ಒಳ್ಳೆಯ ಮಾತು ಬರುತ್ತದೆಂದು ಕಾದೆ.

“ಒಳಗಿದ್ದೋಳು ಏನು ಮಾಡ್ತಿದ್ಲು?” ಎಂದರು ಅತ್ತೆ.

“ಯಾರು?”

“ಅತ್ತೆ. ಬಾಗ್ಲು ಹಾಕ್ಕೊಂಡು ಒಳಗಿದ್ದೋಳು. ಅವಳು ಮಲಗಿದ್ಲಾ, ಎದ್ದಿದ್ಲಾ? ನೀನು ಅದನ್ನ ಬರೀಲೇ ಇಲ್ಲ.”

ನನಗೆ ಸಿಟ್ಟು ಬಂತು. ಇಷ್ಟೆಲ್ಲ ಪಾಡು ಪಟ್ಟು ಮುಗಿಸಿಕೊಂಡು ಬಂದರೆ ಇದೇನು ತಗಾದೆ. “ಇದು ಹುಡುಗಿ ಕಥೆ ಅತ್ತೆ. ಹೊರಗಿದ್ದೋಳ ಕಥೆ. ಮುಗಿದುಹೋಯ್ತು” ಎಂದೆ.

ಅತ್ತೆ ಬೇರೆ ಯಾರದೋ ವಿಷಯ ಹೇಳುವ ಹಾಗೆ ಹೇಳಿದರು:

“ನಾನು ಈ ಮನೆಗೆ ಬಂದ ಹೊಸದು. ದೇವನೂರಲ್ಲಿ, ನನ್ನ ತೌರಲ್ಲಿ, ಪುಟ್ಟ ತಮ್ಮನಿಗೆ ಅಮ್ಮ ಎದ್ದಿತ್ತು, ಮೈಯೆಲ್ಲ ಸಿಡುಬು. ಕಳಿಸ್ರಿ ಅಂದೆ, ಬೇಡ ಅಂದ್ರು. ಹೇಳದೆ ನಡಕೊಂಡು ಹೋಗ್ಬಿಟ್ಟೆ. ತಮ್ಮ ಹೋಗ್ಬಿಟ್ಟ. ವಾಪಸು ಬಂದಾಗ ಹೊತ್ತು ಮುಳುಗಿತ್ತು. ನಮ್ಮತ್ತೆ ಬಾಗ್ಲು ತೆಗೀಲಿಲ್ಲ. ಈ ಮುಂದಿನ ಬಾಗ್ಲೇ. ಬೆಳಗಿನವರೆಗೂ ಜಗಲಿ ಮೇಲೆ ಕೂತಿದ್ದೆ. ಬೆಳಗ್ಗೆ ಬಾಗ್ಲು ತೆಗೆದಿತ್ತು. ‘ಬಾಗ್ಲಿಗೆ ನೀರು ಹಾಕು’ ಅಂದ್ರು, ಅಷ್ಟೇ. ಆಮೇಲೆ ಎಷ್ಟು ವರ್ಷ ಒಟ್ಟಿಗಿದ್ವಿ. ನಾನು ಕೇಳ್ಲಿಲ್ಲ, ಅವರು ಹೇಳ್ಲಿಲ್ಲ. ಕೋಪಕ್ಕೆ ತೆಗೀಲಿಲ್ವೋ, ಅಮ್ಮ ಎದ್ದ ಮನೆಯಿಂದ ಬಂದೋಳು, ಮನೇಲಿ ಚಿಕ್ಕ ಮಕ್ಕಳಿದ್ವಲ್ಲ, ಆ ಭಯಕ್ಕೋ. ಒಳಗೆ ಏನು ಮಾಡ್ತಿದ್ರು ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ.”

ಆಮೇಲೆ ನನ್ನ ಕಡೆ ತಿರುಗಿ, “ನೀನು ಬರೀತೀಯಲ್ಲ. ಬರಿ” ಎಂದರು.

ಅದುವರೆಗೂ ನಾನು ಕಥೆಯನ್ನು ನನ್ನ ಆಸೆಗೆ ಬರೆದಿದ್ದೆ. ಇನ್ನೊಬ್ಬರಿಗೆ ಅದು ಹಸಿವಿನ ಹಾಗೆ ಬೇಕಾಗಿರುತ್ತದೆ ಎಂದು ಅಂದು ತಿಳಿಯಿತು, ಭಯವೂ ಆಯಿತು. ಹೊರಗಿದ್ದವಳನ್ನು ಬರೆಯುವುದು ಸುಲಭ. ಒಳಗಿದ್ದವಳನ್ನು ಬರೆಯಲು ಕೂತರೆ ಪೆನ್ನು ಓಡುವುದಿಲ್ಲ. ಮೊದಲು ಬರೆದಾಗ ಅವಳು ದೇವತೆಯಾದಳು. ಒಳಗೆ ಕೂತು ಸೊಸೆಗಾಗಿ ಮರುಗುತ್ತಿದ್ದಳು. ಅತ್ತೆ ಕೇಳಿ, “ಸುಳ್ಳು. ಅವರು ಅಷ್ಟು ಒಳ್ಳೇವರಲ್ಲ” ಎಂದರು. ಇನ್ನೊಂದು ಸಲ ಬರೆದಾಗ ರಾಕ್ಷಸಿಯಾದಳು. “ಇಷ್ಟು ಕೆಟ್ಟೋರೂ ಅಲ್ಲ ಕಣೇ” ಎಂದರು. ಬರೆಯುವವಳು ನಾನೋ ನೀವೋ ಎಂದು ನಾನೂ ಒಮ್ಮೆ ಕೇಳಿಯೇಬಿಟ್ಟೆ. ಅತ್ತೆ ಮಗುವನ್ನು ಎತ್ತಿಕೊಂಡು ಹೋಗಿ, ಸಂಜೆಯವರೆಗೂ ನನ್ನ ಹತ್ತಿರ ಬಿಡದೆ ತಾವೇ ಆಡಿಸಿಕೊಂಡಿದ್ದರು. ಮಾರನೆಯ ದಿನವೂ ಹಾಗೆಯೇ. ನನಗೆ ಬರೆಯಲು ಬಿಡುವಾಗಲೆಂದು ಒಲೆಯ ಕೆಲಸವನ್ನೂ ತಾವೇ ಮಾಡಿಕೊಂಡರು. ಎರಡು ಸಲ ಕಾಗದ ಸುರುಳಿ ಸುತ್ತಿ ಪೆಟ್ಟಿಗೆಗೆ ಹಾಕಿ, ಇದು ನನ್ನ ಕೈಲಾಗುವ ಕೆಲಸವಲ್ಲ ಎಂದು ಬೀಗ ಹಾಕಿದೆ. ಎರಡು ಸಲವೂ ನಾನೇ ತೆಗೆದೆ. ಅತ್ತೆ ಒಳಗಡೆ ಒಬ್ಬರೇ ರಾಗಿ ಬೀಸುವ ಸದ್ದು ಕೇಳುತ್ತಿರುವಾಗ ಬೀಗ ಹಾಕಿಕೊಂಡು ಹೇಗೆ ಕೂರುವುದು?

ಆ ಕಥೆ ಮುಂದೆ ಮೈಸೂರಿನ ಒಂದು ಮಾಸಪತ್ರಿಕೆಯಲ್ಲಿ ಅಚ್ಚಾಯಿತು. ಯಾರು ಯಾರೋ ಮೆಚ್ಚಿದರಂತೆ. ನನ್ನ ಯಜಮಾನರು ಆ ಸಂಚಿಕೆಯನ್ನು ಹುಲ್ಲಹಳ್ಳಿಯ ಆಲೆಮನೆಯವರಿಗೂ ತೋರಿಸಿಕೊಂಡು ಬಂದರು. ಆಮೇಲೆ ಬರೆದ ಕಥೆಗಳೂ ಹಾಗೆಯೇ, ಅರ್ಧಕ್ಕೆ ನಿಂತು, ಕೈಚೆಲ್ಲಿ, ಮತ್ತೆ ಎದ್ದವು. ಒಂದೂ ನೆಟ್ಟಗೆ ಬರಲಿಲ್ಲ. ಅದಿರಲಿ. ಆ ಕೊನೆಯ ಭಾಗವನ್ನು ಅತ್ತೆಗೆ ಓದಿದ ಮಧ್ಯಾಹ್ನವನ್ನು ಹೇಳಿ ಮುಗಿಸುತ್ತೇನೆ.

ಒಳಗಿದ್ದವಳು ಸೊಸೆ ಜಗಲಿ ಹತ್ತಿದ ಸದ್ದು ಕೇಳಿ ಎದ್ದು ಬರುತ್ತಾಳೆ. ಹಿಂದೆ ಚಾಪೆಯ ಮೇಲೆ ಮಕ್ಕಳು ಮಲಗಿವೆ. ಹೇಳದೆ ಹೋದಳಲ್ಲ ಎಂಬ ಕೋಪ ಇನ್ನೂ ಆರಿಲ್ಲ. ಬಾಗಿಲ ಅಗುಳಿಯ ಮೇಲೆ ಕೈ ಇಡುತ್ತಾಳೆ. ಮಕ್ಕಳ ಕಡೆ ನೋಡುತ್ತಾಳೆ. ಕೈ ತೆಗೆಯುತ್ತಾಳೆ, ಮತ್ತೆ ಇಡುತ್ತಾಳೆ. ಹೊರಗಿನವಳು ಕೆಮ್ಮಿದರೆ ಒಳಗಿನವಳ ಕೈ ಬಿಗಿಯಾಗುತ್ತದೆ. ಹಾಗೇ ಬೆಳಗಾಗುತ್ತದೆ. ಇಷ್ಟನ್ನೇ ಬರೆದಿದ್ದೆ. ಒಳ್ಳೆಯವಳೆಂದೂ ಹೇಳಲಿಲ್ಲ, ಕೆಟ್ಟವಳೆಂದೂ ಹೇಳಲಿಲ್ಲ.

ಓದಿ ಮುಗಿಸಿದೆ. ಹಿತ್ತಲಲ್ಲಿ ಬಿಸಿಲು ಗೋಡೆಯ ಮೇಲಕ್ಕೆ ಹೋಗಿತ್ತು. ಅತ್ತೆ ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

“ಅಗುಳಿ ಮೇಲೆ ಕೈ ಇಟ್ಟಿದ್ಲಾ?” ಎಂದು ಕೇಳಿದರು.

“ಹೂಂ ಅತ್ತೆ. ಇಟ್ಟಿದ್ಲು.”

“ನಿಜವಾಗ್ಲೂ?”

ಆ ಮನೆಯ ಬಾಗಿಲ ಹಿಂದೆ ನಾನು ಹುಟ್ಟುವುದಕ್ಕೂ ಮುಂಚೆ ನಿಂತಿದ್ದ ಹೆಂಗಸಿನ ವಿಷಯ ನನಗೆ ಏನು ಗೊತ್ತು? ಆದರೂ ಅತ್ತೆಯ ಮುಖ ನೋಡಿ, ತಡವರಿಸದೆ ಹೇಳಿದೆ: “ಇಟ್ಟಿದ್ಲು. ಬೆಳಗಿನವರೆಗೂ ಕೈ ತೆಗೀಲಿಲ್ಲ.”

“ಹಂಗಾದ್ರೆ ಸರಿ” ಎಂದರು ಅತ್ತೆ. ಸೆರಗಿನಿಂದ ಮುಖ ಒರೆಸಿಕೊಂಡು, ಇನ್ನೊಂದು ಸಲ ಮೊದಲಿಂದ ಓದು ಎಂದರು.